ಕೀಲಿಯಣ್ಣನ ಎಡಗೈ ತೋರುಬೆರಳು

ಸುಳ್ಳು ಹೇಳುವುದಕ್ಕೂ ಅಭ್ಯಾಸ ಬೇಕು. ಜೀವಮಾನವೆಲ್ಲ ನಿಜ ಹೇಳಿಕೊಂಡು ಬಂದವನು ಐವತ್ತರ ಅಂಚಿನಲ್ಲಿ ಮೊದಲ ಸುಳ್ಳಿಗೆ ಕೈ ಹಾಕಿದರೆ, ಈಜು ಬಾರದವನು ಬಾವಿಯ ನಟ್ಟನಡುವಿಗೆ ಹಾರಿದ ಹಾಗಾಗುತ್ತದೆ. ಮೆಟ್ಟಿಲ ಪಕ್ಕದಲ್ಲಿ ಇಳಿಯಬೇಕು ಎಂಬ ಬುದ್ಧಿ ಅವನಿಗಿರುವುದಿಲ್ಲ.

ಸಹಕಾರಿ ಬ್ಯಾಂಕಿನ ಲಾಕರ್ ಕೋಣೆ ನೋಡಿಕೊಳ್ಳುತ್ತಿದ್ದ ಕೀಲಿಯಣ್ಣನಿಗೆ ಆದದ್ದು ಇದೇ.

ಒಡಹುಟ್ಟಿದವರನ್ನು ನಂಬದ ಜನ ಕೀಲಿಯಣ್ಣನನ್ನು ನಂಬುತ್ತಿದ್ದರು. ಅತ್ತೆಗೆ ತಿಳಿಯದಂತೆ ಸೊಸೆ, ಸೊಸೆಗೆ ತಿಳಿಯದಂತೆ ಅತ್ತೆ ಅಕ್ಕಪಕ್ಕದ ಲಾಕರುಗಳಲ್ಲಿ ಒಡವೆ ಇಟ್ಟು ಹೋದದ್ದನ್ನು ಕಂಡೂ ಅವನು ಯಾರ ಹತ್ತಿರವೂ ಬಾಯಿ ಬಿಟ್ಟವನಲ್ಲ. ಆ ಕೋಣೆಯ ಉಕ್ಕಿನ ಬಾಗಿಲು ತೆರೆಯಲು ಮ್ಯಾನೇಜರರ ಕೀಲಿ ಒಂದೇ ಸಾಲದು, ಕೀಲಿಯಣ್ಣನ ಬೆರಳೂ ಬೇಕು. ಗೋಡೆಯ ಪುಟ್ಟ ಯಂತ್ರದ ಗಾಜಿನ ಮೇಲೆ ಅವನು ಎಡಗೈಯ ತೋರುಬೆರಳು ಇಟ್ಟರೆ ಹಸಿರು ದೀಪ ಹತ್ತುತ್ತಿತ್ತು. ಎಡಗೈ ಯಾಕೆಂದರೆ, ಮೂರು ವರ್ಷದ ಹಿಂದೆ ಬೆರಳಚ್ಚು ನೋಂದಾಯಿಸುವ ದಿನ ಅವನ ಬಲಗೈ ಬೆರಳು ಲಾಕರಿನ ಬಾಗಿಲಿಗೆ ಸಿಕ್ಕಿ ಬ್ಯಾಂಡೇಜಿನೊಳಗಿತ್ತು. ಜಗತ್ತಿನಲ್ಲಿ ಎಷ್ಟೋ ಜನರ ಎಷ್ಟೋ ಬೆರಳುಗಳಿವೆ. ಇಷ್ಟು ಮರ್ಯಾದೆ ಇದ್ದ ಬೆರಳು ಮಾತ್ರ ಅದೊಂದೇ.

ಹೊಸದಾಗಿ ವರ್ಗವಾಗಿ ಬಂದ ಮ್ಯಾನೇಜರರು ಒಂದು ದಿನ ಟೀ ಹೊತ್ತಿನಲ್ಲಿ ಎಲ್ಲರನ್ನೂ ಕೂರಿಸಿಕೊಂಡು, "ನಿಮ್ಮ ನಿಮ್ಮ ಹವ್ಯಾಸ ಏನು, ಹೇಳಿ ನೋಡೋಣ" ಎಂದರು. ಕ್ಯಾಷಿಯರಮ್ಮ ಈಜು ಎಂದಳು. ವಾಚ್‌ಮನ್ ಎದೆ ಉಬ್ಬಿಸಿ ಕುಸ್ತಿ ಎಂದ. ಸರದಿ ಕೀಲಿಯಣ್ಣನಿಗೆ ಬಂತು. ಅವನಿಗೆ ಹವ್ಯಾಸವೆಂಬುದೇ ಇರಲಿಲ್ಲ. ಬಾಗಿಲು ಹಾಕಿದೆಯೇ ಎಂದು ಎರಡನೇ ಸಲ ಎಳೆದು ನೋಡುವುದನ್ನು ಹವ್ಯಾಸ ಎನ್ನಲಾಗದು. ಆದರೆ ಹಿಂದಿನ ದಿನ ಕ್ಷೌರದಂಗಡಿಯಲ್ಲಿ ಒಂದು ಹಳೆಯ ಪತ್ರಿಕೆಯಲ್ಲಿ ಅವನು ಅರ್ಧ ಲೇಖನ ಓದಿದ್ದ. ಉಳಿದರ್ಧವನ್ನು ಕ್ಷೌರಿಕ ಕತ್ತಿ ಒರೆಸಲು ಹರಿದುಕೊಂಡಿದ್ದ.

"ಗಿಟಾರ್ ಸಾರ್," ಎಂದ ಕೀಲಿಯಣ್ಣ. "ಅದರಲ್ಲೂ ಬ್ಲೂಗ್ರಾಸ್. ರಿದಂ."

ಈ ಹೆಸರು ಯಾರಿಗೂ ಗೊತ್ತಿರಲಾರದು, ಗೊತ್ತಿಲ್ಲದ ಮೇಲೆ ಯಾರೂ ಕೇಳಲಾರರು ಎಂಬುದು ಅವನ ಲೆಕ್ಕ. ಲೆಕ್ಕ ಸರಿಯಾಗಿಯೇ ಇತ್ತು, ಒಬ್ಬರನ್ನು ಬಿಟ್ಟು. ಮ್ಯಾನೇಜರರ ಕೈಯ ಟೀ ತಟ್ಟೆಗೆ ಚೆಲ್ಲಿತು.

"ಏನಂದ್ರಿ? ಬ್ಲೂಗ್ರಾಸಾ? ಕಡಲಾಚೆಯ ಗುಡ್ಡಗಾಡಿನ ಜನರ ಆ ಸಂಗೀತಾನಾ? ರೀ, ನಾನು ಮ್ಯಾಂಡೊಲಿನ್ ನುಡಿಸ್ತೀನಿ ಕಣ್ರೀ! ಇಷ್ಟು ಬ್ರಾಂಚು ತಿರುಗಿದೆ, ಆ ಪದ ಕೇಳಿದೋನು ಒಬ್ಬನೂ ಸಿಗಲಿಲ್ಲ. ರಿದಂ ಇಲ್ಲದೆ ಒಬ್ಬನೇ ನುಡಿಸಿ ನುಡಿಸಿ ಒಂದು ಕೈಯಲ್ಲಿ ಚಪ್ಪಾಳೆ ಹೊಡೆದ ಹಾಗಾಗಿತ್ತು ನನ್ನ ಬಾಳು! ಎಷ್ಟು ವರ್ಷದಿಂದ ನುಡಿಸ್ತಿದ್ದೀರಿ?"

ಇಲ್ಲಿ "ತಮಾಷೆಗೆ ಅಂದೆ ಸಾರ್" ಎಂದಿದ್ದರೆ ಕಥೆ ಮುಗಿಯುತ್ತಿತ್ತು. ಆದರೆ ಮ್ಯಾನೇಜರರ ಕಣ್ಣು ಒದ್ದೆಯಾಗಿತ್ತು. ಮೇಲಧಿಕಾರಿಯ ಕಣ್ಣು ತನ್ನಿಂದಾಗಿ ಸಂತೋಷಕ್ಕೆ ಒದ್ದೆಯಾದದ್ದನ್ನು ಕೀಲಿಯಣ್ಣ ಎಂದೂ ಕಂಡವನಲ್ಲ.

"ಇಪ್ಪತ್ತು ವರ್ಷ ಆಗಿರಬೇಕು ಸಾರ್," ಎಂದುಬಿಟ್ಟ.

"ಆಯ್ತು! ಬ್ಯಾಂಕಿನ ವಾರ್ಷಿಕೋತ್ಸವಕ್ಕೆ ನಾವಿಬ್ಬರೂ ಸ್ಟೇಜ್ ಮೇಲೆ! ಅಲ್ಲೀವರೆಗೂ ಬ್ಯಾಂಕಿನಾಚೆ ಯಾರೂ ಬಾಯಿ ಬಿಡಬೇಡಿ, ಒಟ್ಟಿಗೆ ಪ್ರಾಕ್ಟೀಸೂ ಬೇಡ. ಇಪ್ಪತ್ತು ವರ್ಷದ ಕೈ ನಿಮ್ಮದು, ನಿಮಗೇನು ಹೇಳಿಕೊಡೋದು?"

ಕೀಲಿಯಣ್ಣ ಆ ಸಂಜೆಯೇ ವಾದ್ಯದಂಗಡಿಗೆ ಓಡಿದ. ಅಂಗಡಿಯವನು ಅವನನ್ನು ಮೇಲಿಂದ ಕೆಳಕ್ಕೆ ನೋಡಿ, "ಬ್ಲೂಗ್ರಾಸ್ ಗೊತ್ತಿರೋದು ನಮ್ಮೂರಲ್ಲಿ ಹಾಸಿಗೆ ಅಂಗಡಿ ಅಕ್ಕನಿಗೆ ಮಾತ್ರ. ಆದ್ರೆ ನಿಮಗ್ಯಾಕೆ ಅದು?" ಎಂದ. ಆ 'ನಿಮಗ್ಯಾಕೆ' ಎಂಬಲ್ಲಿ ಒಂದು ಅನುಮಾನವಿತ್ತು. ಆಮೇಲೆ ಊರೆಲ್ಲ ಹಬ್ಬಿದ ಅನುಮಾನದ ಮೊದಲ ಬೀಜ ಅದು.

ಹಾಸಿಗೆ ಅಂಗಡಿಯ ಅಕ್ಕ ವಿಧವೆ. ಗಟ್ಟಿ ಮೈ, ಅದಕ್ಕಿಂತ ಗಟ್ಟಿ ಬಾಯಿ. ಅವಳ ಗಂಡ ಹಡಗಿನಲ್ಲಿ ಅಡುಗೆಯವನಾಗಿದ್ದು, ದೂರದ ಬಂದರುಗಳಿಂದ ಒಂದು ಗಿಟಾರನ್ನೂ ಈ ಸಂಗೀತವನ್ನೂ ಹೊತ್ತು ತಂದು, ಎರಡನ್ನೂ ಅವಳ ಕೈಯಲ್ಲಿ ಬಿಟ್ಟು ತೀರಿಕೊಂಡಿದ್ದ. ಅಂಗಡಿಯ ಹಿಂದೆ ಗೋಡೌನು. ನೆಲದಿಂದ ಸೂರಿನವರೆಗೆ ಹತ್ತಿಯ ಹಾಸಿಗೆ, ದಿಂಬು. ಅಲ್ಲಿ ಒಬ್ಬ ಮನುಷ್ಯ ಅರಚಿಕೊಂಡರೂ ಹೊರಗೆ ನಿಟ್ಟುಸಿರಿನಷ್ಟೂ ಕೇಳಿಸದು. ಗುಟ್ಟಾಗಿ ಕಲಿಯುವವನಿಗೆ ಅದಕ್ಕಿಂತ ಒಳ್ಳೆಯ ಜಾಗ ಸಿಗದು. ಗುಟ್ಟು ಹೊರಬಿದ್ದ ದಿನ ಅದಕ್ಕಿಂತ ಕೆಟ್ಟ ಜಾಗವೂ ಇರದು ಎಂಬುದು ಅವನಿಗೆ ಹೊಳೆಯಲಿಲ್ಲ.

"ಇದರಲ್ಲಿ ಡ್ರಮ್ಮು ಇರಲ್ಲ," ಎಂದಳು ಅಕ್ಕ ಮೊದಲ ದಿನ, ಒಂದು ಹಾಸಿಗೆಯ ರಾಶಿಯ ಮೇಲೆ ಕೂತು. "ನೀನೇ ಡ್ರಮ್ಮು. ಮೊದಲು ದಪ್ಪ ತಂತಿ ಒಂದನ್ನ ಮೀಟು, ದುಂ. ಆಮೇಲೆ ಉಳಿದ ತಂತಿಗಳನ್ನ ಒಟ್ಟಿಗೆ ಸವರು, ಚಕ್. ದುಂ-ಚಕ್, ದುಂ-ಚಕ್. ಇಷ್ಟೇ."

"ಇಷ್ಟೇನಾ ಅಕ್ಕ?" ಎಂದ ಕೀಲಿಯಣ್ಣ, ಜೀವ ಬಂದವನಂತೆ.

"ಇಷ್ಟೇ. ಸಾಯೋವರೆಗೂ ಇಷ್ಟೇ. ಮ್ಯಾಂಡೊಲಿನ್ನೋನು, ಹಾಡೋನು, ಎಲ್ಲರೂ ಓಡೋರು. ನೀನು ರಸ್ತೆ. ರಸ್ತೆಯೇ ಎದ್ದು ಓಡೋಕೆ ಹೋದ್ರೆ ಎಲ್ಲರೂ ಮಕಾಡೆ ಬೀಳ್ತಾರೆ."

"ಮತ್ತೆ ನನಗೆ ಸ್ವಂತಕ್ಕೆ ಏನೂ ಇಲ್ವಾ?"

"ಇದೆ. ಒಂದು ಸಾಲು ಹಾಡಿ ಮುಗಿಸಿ ಮುಂದಿನ ಸಾಲಿಗೆ ಅವರು ಉಸಿರು ಎಳ್ಕೋತಾರಲ್ಲ, ಆ ಸಂದಿ ನಿಂದು. ಅಲ್ಲಿ ಒಂದು ಚೂರು ಸ್ವರ ಉರುಳಿಸಬೇಕು. ಅದಕ್ಕೆ ಲಿಕ್ ಅಂತಾರೆ." ಅವಳ ಬೆರಳು ದಪ್ಪ ತಂತಿಯಿಂದ ಹೊರಟು ಮೆಟ್ಟಿಲು ಹತ್ತಿದ ಹಾಗೆ ಸರಸರ ಮೇಲೆ ಬಂದು ಠಣ್ಣೆಂದು ನಿಂತಿತು. "ನೋಡಿದ್ಯಾ? ತೋರುಬೆರಳು ಒತ್ತಿ ಹಿಡೀಬೇಕು, ಪಕ್ಕದ ಬೆರಳು ಸುತ್ತಿಗೆ ಥರ ಬೀಳಬೇಕು."

ಕೀಲಿಯಣ್ಣ ಒತ್ತಿ ಹಿಡಿದ. ಉಕ್ಕಿನ ತಂತಿ ಬೆರಳೊಳಗೆ ಇಳಿಯಿತು. ಮೆಟ್ಟಿಲು ಹತ್ತಬೇಕಾದ ಸ್ವರಗಳು ನಡುವಿನ ಮೆಟ್ಟಿಲಲ್ಲಿ ಎಡವಿ ಬಿದ್ದವು. ಮರುದಿನವೂ ಅಲ್ಲೇ ಬಿದ್ದವು. ವಾರ ಕಳೆದರೂ, ತಿಂಗಳು ಕಳೆದರೂ ಅದೇ ಮೆಟ್ಟಿಲು. "ಆ ಮೆಟ್ಟಿಲಿಗೆ ನಿನ್ನ ಹೆಸರು ಕೆತ್ತಿಸ್ತೀನಿ," ಎನ್ನುತ್ತಿದ್ದಳು ಅಕ್ಕ. ದುಂ-ಚಕ್ ಮಾತ್ರ ಹೇಗೋ ನಿಂತಿತು, ಅದೂ ಒಂದೇ ಹಾಡಿನ ಮಟ್ಟಿಗೆ.

ಮನೆಯಲ್ಲಿ ಹೇಳುವ ಹಾಗಿರಲಿಲ್ಲ. ಹೆಂಡತಿಯೂ ಕ್ಯಾಷಿಯರಮ್ಮನೂ ಬೆಳಿಗ್ಗೆ ಜೊತೆಯಲ್ಲಿ ವಾಕಿಂಗ್ ಹೋಗುವವರು. ಹೆಂಡತಿಗೆ ಹೇಳಿದ್ದು ಟೀ ಹೊತ್ತಿಗೆ ಮ್ಯಾನೇಜರರ ಟೇಬಲ್ ಮುಟ್ಟುತ್ತಿತ್ತು. ಆದ್ದರಿಂದ, "ಬ್ಯಾಂಕಲ್ಲಿ ಕೆಲಸ ಜಾಸ್ತಿ," ಎಂದ. ಮೊದಲ ಸುಳ್ಳು ಒಂಟಿಯಾಗಿತ್ತಲ್ಲ, ಅದಕ್ಕೆ ತಮ್ಮ ಹುಟ್ಟಿದ.

ಹೆಂಡತಿ ಸುಮ್ಮನೆ ನೋಡಿದಳು. ಮಾತಾಡುವ ಹೆಂಡತಿಯಿಂದ ಮನೆಯೊಳಗೆ ಅಡಗಿ ಕೂರಬಹುದು. ಸುಮ್ಮನೆ ನೋಡುವ ಹೆಂಡತಿಯಿಂದ ಊರೊಳಗೂ ಅಡಗಲು ಆಗದು. ಗಂಡನ ಎಡಗೈ ಉಗುರು ಮಾತ್ರ ಬುಡಮಟ್ಟ ಕತ್ತರಿಸಿರುವುದನ್ನು ಅವಳು ನೋಡಿದಳು. ಅಂಗಿಯ ಮೇಲೆ ಹತ್ತಿಯ ಎಳೆ ನೋಡಿದಳು. ಊಟದ ಟೇಬಲ್ ಮೇಲೆ ಅವನು ತನಗೇ ಗೊತ್ತಿಲ್ಲದೆ ದುಂ-ಚಕ್ ಬಡಿಯುವುದನ್ನೂ, ಅವಳು ಮಾತು ಮುಗಿಸಿ ಉಸಿರೆಳೆದುಕೊಂಡ ಕೂಡಲೇ ಆ ಸಂದಿಯಲ್ಲಿ ಅವನ ಬೆರಳು ತಟ್ಟೆಯ ಅಂಚಿನ ಮೇಲೆ ಸರಸರ ಓಡುವುದನ್ನೂ ನೋಡಿದಳು. ಕೊನೆಗೆ ತಮ್ಮನಿಗೆ ಫೋನ್ ಮಾಡಿದಳು.

ಈ ಬಾಮೈದನ ವಿಷಯ ಹೇಳಬೇಕು. ಅವನು ವಿಮಾ ಕಂಪನಿಯಲ್ಲಿ ಕ್ಲೇಮುಗಳ ತನಿಖೆ ಮಾಡುವವನು. ಸತ್ತವನ ಮನೆಗೆ ಹೋಗಿ, "ನಿಜವಾಗಲೂ ಸತ್ತಿದ್ದಾರಾ?" ಎಂದು ಕೇಳುವುದು ಅವನ ವೃತ್ತಿ. ಹೊಗೆ ಕಂಡರೆ ಜನ ಬೆಂಕಿ ಇದೆ ಎನ್ನುತ್ತಾರೆ. ಇವನು ಹೊಗೆ ಹಾಕಿದವನು ಯಾರು, ಅವನ ಹೆಸರಲ್ಲಿ ಪಾಲಿಸಿ ಎಷ್ಟಿದೆ ಎನ್ನುತ್ತಿದ್ದ.

"ಅಕ್ಕ, ಎಡಗೈ ಉಗುರು ಮಾತ್ರ ಅಂದ್ಯಾ?" ಎಂದ, ದನಿ ತಗ್ಗಿಸಿ.

"ಹ್ಞೂಂ. ಬೆರಳ ತುದಿ ಮುಟ್ಟಿದ್ರೆ ಒಣಗಿದ ಚರ್ಮ. ಚಪ್ಪಲಿ ಅಟ್ಟೆ ಥರ."

"ಸರಿ. ಭಾವನ ಮುಂದೆ ನಗುನಗುತ್ತಾ ಇರು. ನಾನು ನೋಡ್ಕೋತೀನಿ."

"ನಗುನಗುತ್ತಾ ಇದ್ರೆ ಅವರಿಗೆ ಅನುಮಾನ ಬರಲ್ವೇನೋ?"

ಬಾಮೈದನಿಗೂ ಅದು ಹೌದೆನಿಸಿತು. "ಹಾಗಾದ್ರೆ ಯಾವಾಗಲೂ ಇರೋ ಹಾಗೇ ಇರು."

ಅತ್ತ ಹೀಗಿರಲು, ಇತ್ತ ಬ್ಯಾಂಕಿನಲ್ಲಿ ಒಂದು ಬೆಳಿಗ್ಗೆ, ಮೊಮ್ಮಗಳ ಸರ ತೆಗೆಯಲು ಒಬ್ಬ ಅಜ್ಜಿ ಬಂದು ನಿಂತಿದ್ದಾಗ, ಕೀಲಿಯಣ್ಣ ಎಂದಿನಂತೆ ಗಾಜಿನ ಮೇಲೆ ಬೆರಳಿಟ್ಟ. ಕೆಂಪು ದೀಪ ಹತ್ತಿತು. ಯಂತ್ರ ಹೆಣ್ಣುದನಿಯಲ್ಲಿ, "ಗುರುತು ಸಿಗುತ್ತಿಲ್ಲ" ಎಂದಿತು. ಬೆರಳನ್ನು ಪ್ಯಾಂಟಿಗೆ ಒರೆಸಿ ಇಟ್ಟ. "ಗುರುತು ಸಿಗುತ್ತಿಲ್ಲ." ಬಾಯಿಯ ಹಬೆ ಊದಿ ಇಟ್ಟ. "ಗುರುತು ಸಿಗುತ್ತಿಲ್ಲ."

"ಏನಪ್ಪಾ, ನಿನ್ನನ್ನೇ ಗೊತ್ತಿಲ್ಲ ಅಂತಿದೆಯಲ್ಲ ಇದು?" ಎಂದಳು ಅಜ್ಜಿ. ಎಂದು, ತಾನೂ ಒಂದು ಹೆಜ್ಜೆ ಹಿಂದೆ ಸರಿದು ಕೈಚೀಲ ಎದೆಗೆ ಒತ್ತಿಕೊಂಡಳು.

ಮ್ಯಾನೇಜರರು ನಿಯಮದಂತೆ ಪ್ರಧಾನ ಕಚೇರಿಗೆ ತಿಳಿಸಿದರು. ಮರುದಿನ ಬೆಳಿಗ್ಗೆಯೇ ಭದ್ರತಾ ಅಧಿಕಾರಿ ಬಂದಿಳಿದರು. ದಪ್ಪ ಮೀಸೆ, ಸಣ್ಣ ಕಣ್ಣು. ಅಜ್ಜಿಯೂ ಬಂದು, ಸರ ಸಿಗುವವರೆಗೆ ಏಳುವುದಿಲ್ಲವೆಂದು ಬೆಂಚಿನಲ್ಲಿ ಕೂತಳು. ಅಧಿಕಾರಿ ಬಂದವರೇ ಯಂತ್ರ ಪರೀಕ್ಷಿಸಿದರು; ಯಂತ್ರ ಸರಿಯಿತ್ತು. ಆಮೇಲೆ ಕೀಲಿಯಣ್ಣನ ಬೆರಳನ್ನು ಹಿಡಿದು, ಭೂತಗನ್ನಡಿ ಇಟ್ಟು, ಮಾವಿನಹಣ್ಣು ಒತ್ತಿ ನೋಡುವವರಂತೆ ಒತ್ತಿ ನೋಡಿದರು.

"ಸವೆಸಿದ್ದಾನೆ," ಎಂದರು. "ಬೆರಳ ಗೆರೆ ಸವೆಸಿಕೊಂಡಿದ್ದಾನೆ. ನನ್ನ ಸರ್ವೀಸಿನಲ್ಲಿ ಇಂಥದ್ದು ಕೇಳಿದ್ದೆ, ಕಣ್ಣಾರೆ ಕಂಡಿರಲಿಲ್ಲ. ಮನುಷ್ಯ ಬೆರಳಚ್ಚು ಯಾಕೆ ಅಳಿಸಿಕೊಳ್ತಾನೆ, ಹೇಳಿ ಮ್ಯಾನೇಜರೇ?"

ಮ್ಯಾನೇಜರರಿಗಿಂತ ಮುಂಚೆ ವಾಚ್‌ಮನ್ ಹೇಳಿದ: "ಕದಿಯೋಕೆ ಸಾರ್. ಮುಟ್ಟಿದ ಕಡೆ ಗುರುತು ಉಳೀಬಾರದು ಅಂತ."

"ಶಭಾಷ್. ಜೇಬು ಖಾಲಿ ಮಾಡಪ್ಪಾ."

ಕೀಲಿಯಣ್ಣನ ಜೇಬಿನಿಂದ ಕರವಸ್ತ್ರ ಬಂತು, ಬಾಚಣಿಗೆ ಬಂತು, ಆಮೇಲೆ ತಂತಿ ಮೀಟುವ ತ್ರಿಕೋನದ ಪ್ಲಾಸ್ಟಿಕ್ ಬಿಲ್ಲೆ ಬಂತು. ಹಿಂದೆಯೇ ಕೇಪೋ ಎಂಬ ಸ್ಪ್ರಿಂಗಿನ ಇಕ್ಕಳ ಬಂತು. ಶ್ರುತಿ ಏರಿಸಬೇಕಾದಾಗ ತಂತಿಗಳನ್ನೆಲ್ಲ ಒಟ್ಟಿಗೆ ಅದುಮಿ ಹಿಡಿಯುವ ಸಾಧನ ಅದು.

"ಇದೇನು?" ಎಂದರು ಅಧಿಕಾರಿ ಬಿಲ್ಲೆ ಎತ್ತಿ.

"ಹಲ್ಲಿನ ಸಂದಿಗೆ ಸಾರ್."

"ಇಷ್ಟು ದಪ್ಪದ್ದು? ನಿನ್ನ ಹಲ್ಲಿನ ಸಂದಿಯಲ್ಲಿ ಎತ್ತಿನಗಾಡಿ ಓಡಾಡುತ್ತಾ? ಬಾಗಿಲ ಚಿಲಕ ಸರಿಸೋ ಸಾಮಾನು ಇದು. ಈ ಇಕ್ಕಳ?"

"ಮನೇಲಿ ಪರದೆಗೆ ಹಾಕೋದು ಸಾರ್."

"ಪರದೆ ಮನೇಲಿ, ಇಕ್ಕಳ ಜೇಬಲ್ಲಿ."

ಆಗ ಪಾಪ, ಮ್ಯಾನೇಜರರಿಗೆ ತಡೆಯಲಾಗಲಿಲ್ಲ. "ಸಾರ್, ಇವೆಲ್ಲ ಗಿಟಾರಿನ ಸಾಮಾನು. ಇವರು ಇಪ್ಪತ್ತು ವರ್ಷದಿಂದ ನುಡಿಸ್ತಾರೆ. ಬೆರಳು ಗಟ್ಟಿಯಾಗಿರೋದೂ ತಂತಿಯಿಂದಲೇ. ಯಾಕ್ರೀ, ಹೇಳಬಾರದಾ? ಇಷ್ಟು ಸಂಕೋಚವೇ?"

ಕೀಲಿಯಣ್ಣನ ಮುಖದಲ್ಲಿ ಬೆಳಕು ಮೂಡಬೇಕಿತ್ತು. ಮೂಡಲಿಲ್ಲ; ಗಿಟಾರ್ ಎಂದರೆ 'ಎಂದಿನಿಂದ?' ಎಂಬ ಪ್ರಶ್ನೆ ಬರುತ್ತದೆಂದೇ ಅವನು ಹಲ್ಲು, ಪರದೆ ಎಂದದ್ದು. ಅಧಿಕಾರಿಯ ಸಣ್ಣ ಕಣ್ಣು ಇನ್ನಷ್ಟು ಸಣ್ಣದಾಯಿತು.

"ಇಪ್ಪತ್ತು ವರ್ಷದಿಂದ. ಸರಿ. ಬೆರಳು ನೋಂದಾಯಿಸಿದ್ದು ಮೂರು ವರ್ಷದ ಹಿಂದೆ. ಆವಾಗ ಗೆರೆ ನಿಚ್ಚಳವಾಗಿತ್ತು. ಮೊನ್ನೆಯವರೆಗೂ ದೀಪ ಹಸಿರು. ಇಪ್ಪತ್ತು ವರ್ಷದ ಗಟ್ಟಿತನ ಮೊನ್ನೆ ಬಂತಾ?"

 ಗೋಡೆಯ ಫ್ಯಾನು ಅತ್ತಿಂದಿತ್ತ ತಲೆ ತಿರುಗಿಸಿ ಎಲ್ಲರ ಮುಖವನ್ನೂ ಒಮ್ಮೆ ನೋಡಿತು. ಮ್ಯಾನೇಜರರು ನಿಧಾನವಾಗಿ ಕೀಲಿಯಣ್ಣನ ಕಡೆ ತಿರುಗಿ, "ಅದೂ ಹೌದಲ್ವಾ?" ಎಂದರು. ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ಚೆನ್ನಾಗಿತ್ತು.

ಈಗ ಕೀಲಿಯಣ್ಣನ ಮುಂದೆ ಎರಡೇ ದಾರಿ. 'ಹೌದು, ಹಳೆಯ ಕೈ' ಎಂದರೆ ಕಳ್ಳ. 'ಇಲ್ಲ, ಈಗ ಕಲಿಯುತ್ತಿದ್ದೇನೆ' ಎಂದರೆ ಸುಳ್ಳ. ಕಳ್ಳನಾದರೆ ಕೆಲಸ ಹೋಗುತ್ತದೆ. ಸುಳ್ಳನಾದರೆ, ಅವನ ಮಾತೊಂದನ್ನೇ ನಂಬಿ ಊರು ಒಡವೆ ಇಟ್ಟಿದ್ದ ಆ ಕೋಣೆಯ ಮುಂದೆ ಅವನು ನಿಲ್ಲುವುದು ಹೇಗೆ? ಅವನು ಯಾವ ದಾರಿಯನ್ನೂ ಹಿಡಿಯದೆ ನೆಲ ನೋಡುತ್ತಾ ನಿಂತ. ನೆಲ ನೋಡುವವನು ಎಲ್ಲ ದೇಶಗಳ ತನಿಖೆಯಲ್ಲೂ ಅಪರಾಧಿಯೇ.

ಆ ಹೊತ್ತಿಗೆ ಸರಿಯಾಗಿ ಬ್ಯಾಂಕಿನ ಬಾಗಿಲು ದಡಾರನೆ ತೆರೆಯಿತು. ಮುಂದೆ ಹೆಂಡತಿ. ಹಿಂದೆ ಬಾಮೈದ. ಅವನ ಹಿಂದೆ, ಗಿಟಾರನ್ನು ಮಗುವಿನ ಹಾಗೆ ಕಂಕುಳಲ್ಲಿ ಎತ್ತಿಕೊಂಡು ಹಾಸಿಗೆ ಅಂಗಡಿಯ ಅಕ್ಕ.

"ಮ್ಯಾನೇಜರೇ," ಎಂದಳು ಹೆಂಡತಿ, "ನಮ್ಮ ಯಜಮಾನರಿಗೆ ಸಂಜೆ ಹೊತ್ತು ಬ್ಯಾಂಕಲ್ಲಿ ಏನು ಕೆಲಸ ಕೊಟ್ಟಿದ್ದೀರಿ?"

"ಸಂಜೆ? ಬಾಗಿಲು ಹಾಕೋಕೆ ಮುಂಚೆಯೇ ಓಡ್ತಾರಲ್ಲಮ್ಮ ಅವರು."

"ಕೇಳಿದ್ಯೇನೋ?" ಎಂದು ಅವಳು ತಮ್ಮನ ಕಡೆ ತಿರುಗಿದಳು.

ಬಾಮೈದ ಗಂಟಲು ಸರಿಮಾಡಿಕೊಂಡು ಮುಂದೆ ಬಂದ. ಜೀವನದಲ್ಲಿ ಮೊದಲ ಬಾರಿಗೆ ಅವನ ತನಿಖೆಗೆ ಇಷ್ಟು ಜನ ಕೇಳುಗರು ಸಿಕ್ಕಿದ್ದರು. "ನಿನ್ನೆ ಸಂಜೆ ನಾನೇ ಹಿಂಬಾಲಿಸಿದೆ. ಭಾವನವರು ಎರಡು ಗಲ್ಲಿ ಸುತ್ತಿ, ಮೂರು ಸಲ ಹಿಂದೆ ತಿರುಗಿ ನೋಡಿ, ಈ ಹೆಂಗಸಿನ ಗೋಡೌನಿಗೆ ನುಗ್ಗಿದರು. ಗೋಡೌನು ಯಾವುದರದ್ದು? ಹಾಸಿಗೆಯದ್ದು! ಬಾಗಿಲಿಗೆ ಕಿವಿ ಇಟ್ಟೆ. ಏನೂ ಕೇಳಿಸಲಿಲ್ಲ. ಏನೂ! ಇಬ್ಬರು ಮನುಷ್ಯರಿರೋ ಕಡೆ ಅಷ್ಟು ನಿಶ್ಶಬ್ದ ಯಾಕಿರಬೇಕು?"

"ಹಾಸಿಗೆ ಗೋಡೌನಾ?" ಎಂದಳು ಅಜ್ಜಿ ಬೆಂಚಿನಿಂದ. "ಮುಂಡೇದಕ್ಕೆ ಈ ವಯಸ್ಸಲ್ಲಿ!"

"ಕದ್ದ ಮಾಲು ಹಾಸಿಗೆಯೊಳಗೆ ತುಂಬಿ ಹೊಲಿಯೋದು," ಎಂದರು ಭದ್ರತಾ ಅಧಿಕಾರಿ, ಹೊಸ ಬೆಳಕು ಕಂಡವರಂತೆ. "ಅದ್ಭುತ ಉಪಾಯ."

ಅಕ್ಕ ಗಿಟಾರನ್ನು ಕೌಂಟರಿನ ಮೇಲೆ ಇಟ್ಟಳು. "ಮುಗೀತಾ ಎಲ್ಲರದ್ದೂ? ಈ ಮನುಷ್ಯ ನನ್ನ ಹತ್ತಿರ ಗಿಟಾರ್ ಕಲಿಯೋಕೆ ಬರ್ತಾನೆ. ಬೆಳಿಗ್ಗೆಯಿಂದ ಈ ಅಕ್ಕ-ತಮ್ಮನಿಗೆ ಹೇಳಿ ಹೇಳಿ ಸಾಕಾಯ್ತು."

"ನಂಬೋ ಮಾತಾ ಇದು?" ಎಂದಳು ಹೆಂಡತಿ. "ಸ್ನಾನದ ಮನೇಲೂ ಒಂದು ಸಾಲು ಗುನುಗದ ಮನುಷ್ಯ ಇವರು. ಬೇರೆ ಏನಾದರೂ ಹೇಳಿದ್ರೆ ನಂಬ್ತಿದ್ದೆ."

"ಕಲಿಯೋಕೆ?" ಎಂದರು ಮ್ಯಾನೇಜರರು. "ಕಲಿಸೋಕೆ ಇರಬೇಕು, ಅಲ್ವೇನ್ರೀ?"

ಎಲ್ಲರೂ ಕೀಲಿಯಣ್ಣನನ್ನು ನೋಡಿದರು.  "ಕಲಿಯೋಕೆ ಸಾರ್," ಎಂಬುದು ಬಹಳ ಸಣ್ಣದಾಗಿ ಬಂತು. "ನನಗೆ ಬ್ಲೂಗ್ರಾಸ್ ಗೊತ್ತಿದ್ದದ್ದು ಅರ್ಧ ಲೇಖನ."

ಮ್ಯಾನೇಜರರು ಕುರ್ಚಿಗೆ ಕುಸಿದರು. ಆದರೆ ಭದ್ರತಾ ಅಧಿಕಾರಿ ಕುಸಿಯುವ ಜಾತಿಯವರಲ್ಲ.

"ಮಾತು ಯಾರಿಗೆ ಬೇಕು? ಸಿಕ್ಕಿಬಿದ್ದ ಮೇಲೆ ಎಲ್ಲರಿಗೂ ಕಥೆ ಹುಟ್ಟುತ್ತೆ. ನುಡಿಸಲಿ. ಮ್ಯಾನೇಜರೇ, ನಿಮಗೆ ಇದು ಗೊತ್ತು. ಹೊಸ ಕೈಯೋ ಹಳೇ ಕೈಯೋ ನೀವು ಹೇಳಿ. ಹೊಸ ಕೈ ಆದ್ರೆ, ಗಟ್ಟಿತನ ಹೊಸದು, ತಂತಿಯದ್ದೇ, ಬಿಡ್ತೀನಿ. ಹಳೇ ಕೈ ಆದ್ರೆ, ಪೊಲೀಸ್."

ಕೆಟ್ಟದಾಗಿ ನುಡಿಸಿದರೆ ಬಿಡುಗಡೆ! ಕೀಲಿಯಣ್ಣನ ಎದೆಯ ಭಾರ ಇಳಿಯಿತು. ಜಗತ್ತಿನಲ್ಲಿ ಅವನು ಕಣ್ಣು ಮುಚ್ಚಿ ಭರವಸೆ ಕೊಡಬಹುದಾದ ಕೆಲಸ ಅದೊಂದೇ. ಗಿಟಾರನ್ನೂ ಬಿಲ್ಲೆಯನ್ನೂ ಎತ್ತಿಕೊಂಡು, ಕುರ್ಚಿಯ ಅಂಚಿನಲ್ಲಿ ಕೂತು, ನಿರಾಳವಾಗಿ ಶುರುಮಾಡಿದ. ಚೆನ್ನಾಗಿ ನುಡಿಸಬೇಕೆಂಬ ಭಯ ಮೊದಲ ಬಾರಿಗೆ ಅವನನ್ನು ಬಿಟ್ಟು ಹೋಗಿತ್ತು. ಅಲ್ಲೇ ಅನರ್ಥವಾಯಿತು.

ದುಂ-ಚಕ್, ದುಂ-ಚಕ್. ಬ್ಯಾಂಕಿನ ಎತ್ತರದ ಸೂರು ಆ ಸದ್ದನ್ನು ಎತ್ತಿಕೊಂಡು ನಾಲ್ಕು ಗೋಡೆಗೂ ಹಂಚಿತು. ವಾಚ್‌ಮನ್ನನ ಬೂಟು ನೆಲ ತಟ್ಟತೊಡಗಿತು. ಅಜ್ಜಿಯ ತಲೆ ಆಡಿತು. ಸಾಲು ಮುಗಿಯಿತು, ಉಸಿರಿನ ಸಂದಿ ಬಂತು. ಕೀಲಿಯಣ್ಣನ ತೋರುಬೆರಳು ಒತ್ತಿ ಹಿಡಿಯಿತು, ಪಕ್ಕದ ಬೆರಳು ಸುತ್ತಿಗೆಯಂತೆ ಬಿತ್ತು, ಸ್ವರಗಳು ಸರಸರನೆ ಮೆಟ್ಟಿಲು ಹತ್ತಿದವು. ಎಡವಬೇಕಾದ ಮೆಟ್ಟಿಲು ಬಂತು, ಹೋಯಿತು. ಠಣ್! ಕೊನೆಯ ಸ್ವರ ಉಕ್ಕಿನ ಬಾಗಿಲಿಗೆ ಬಡಿದು ಗಂಟೆಯಂತೆ ನಿಂತಿತು.

 ಹೆಂಡತಿ ತನ್ನ ಗಂಡನನ್ನು ಯಾರೋ ಪರಪುರುಷನನ್ನು ನೋಡುವಂತೆ ನೋಡುತ್ತಿದ್ದಳು. ಎರಡು ತಿಂಗಳಿಂದ ಕಾದಿದ್ದ ಸ್ವರ ಬಂದ ಆನಂದಕ್ಕೆ ಕೀಲಿಯಣ್ಣ ಒಂದು ಕ್ಷಣ ತಾನು ಎಲ್ಲಿದ್ದೇನೆಂಬುದನ್ನೇ ಮರೆತು ನಕ್ಕುಬಿಟ್ಟ.

ಮ್ಯಾನೇಜರರು ಎದ್ದು ನಿಂತಿದ್ದರು.  "ಹಳೇ ಕೈ," ಎಂದರು. "ಇದು ಹಳೇ ಕೈ ಸಾರ್! ಆ ತೂಕ ಎರಡು ತಿಂಗಳಲ್ಲಿ ಬರಲ್ಲ!"

"ಫೋನ್ ಎಲ್ಲಿ?" ಎಂದರು ಅಧಿಕಾರಿ.

"ಅಯ್ಯೋ, ಇಲ್ಲ ಸಾರ್!" ಕೀಲಿಯಣ್ಣ ಹೌಹಾರಿದ. "ಇದು ಇವತ್ತೇ ಬಂದದ್ದು! ದಿನಾ ಬೀಳ್ತಿತ್ತು! ಅಕ್ಕ, ಹೇಳಿ, ದಿನಾ ಬೀಳ್ತಿತ್ತಲ್ವಾ?"

"ಬೀಳ್ತಿತ್ತು," ಎಂದಳು ಅಕ್ಕ. ಅವಳ ಕಣ್ಣಲ್ಲೂ ನೀರಿತ್ತು, ಗುರುವಿನ ಹೆಮ್ಮೆಯಿಂದ. ಆ ನೀರು ಕಂಡು ಹೆಂಡತಿಯ ಹುಬ್ಬು ಮತ್ತೆ ಮೇಲೇರಿತು. ಅಕ್ಕ ಕಣ್ಣೊರೆಸಿಕೊಂಡು ಹೇಳಿದಳು: "ಇನ್ನೊಂದು ಕೇಳಿ. ಬೇರೆ ಯಾವುದಾದರೂ."

ಮ್ಯಾನೇಜರರು ಕೇಳಿದರು. "ಅದೇ ಹಾಡನ್ನ ಬೇರೆ ಶ್ರುತಿಯಲ್ಲಿ ಹಿಡೀರಿ ನೋಡೋಣ."

ಕೀಲಿಯಣ್ಣ ಹಿಡಿದ. ಆ ಮೇಲೆ ಹೊರಟದ್ದನ್ನು ಸಂಗೀತ ಎನ್ನಲಾಗದು, ಸದ್ದು ಎಂದರೆ ಸದ್ದಿಗೆ ಅವಮಾನ. ದುಂ ಬರಬೇಕಾದಲ್ಲಿ ಚಕ್ ಬಂತು, ಚಕ್ ಬರಬೇಕಾದಲ್ಲಿ ಬಿಲ್ಲೆ ಕೈಜಾರಿ ಗಿಟಾರಿನ ಹೊಟ್ಟೆಯೊಳಗೆ ಬಿತ್ತು. ಅಜ್ಜಿ ಎರಡೂ ಕಿವಿ ಮುಚ್ಚಿಕೊಂಡು, "ಸಾಕು ಮಾಡಪ್ಪಾ, ನನ್ನ ಸರ ನೀನೇ ಇಟ್ಕೋ!" ಎಂದಳು.

"ಇನ್ನೊಂದು?" ಎಂದರು ಮ್ಯಾನೇಜರರು, ಇನ್ನೂ ಆಸೆ ಬಿಡದೆ.

"ಬರಲ್ಲ ಸಾರ್!" ಕೀಲಿಯಣ್ಣ ಎದ್ದು ನಿಂತು, ಇಡೀ ಬ್ಯಾಂಕಿಗೆ ಕೇಳುವಂತೆ ಕೂಗಿದ. "ನನಗೆ ಏನೂ ಬರಲ್ಲ! ಆ ಒಂದು ಬಿಟ್ಟು ಏನೂ ಬರಲ್ಲ! ಯಾರನ್ನ ಬೇಕಾದರೂ ಕೇಳಿ, ನನಗೆ ಏನೂ ಬರಲ್ಲ!" ತನ್ನ ದಡ್ಡತನವನ್ನು ಅಷ್ಟು ಹೆಮ್ಮೆಯಿಂದ ಸಾರಿದ ಮನುಷ್ಯನನ್ನು ಆ ಬ್ಯಾಂಕು ಮುಂಚೆ ಕಂಡಿರಲಿಲ್ಲ.

ಮ್ಯಾನೇಜರರು ಕನ್ನಡಕ ತೆಗೆದು ಒರೆಸಿದರು. ಒರೆಸುತ್ತಲೇ ಇದ್ದರು. "ಹೊಸ ಕೈ," ಎಂದರು ಕೊನೆಗೆ.

ಭದ್ರತಾ ಅಧಿಕಾರಿಗೆ ಆದ ನಿರಾಸೆ ಹೇಳತೀರದು. ಕೈಗೆ ಬಂದ ಕಳ್ಳ ಕಣ್ಣೆದುರೇ ಗುಮಾಸ್ತನಾಗಿಹೋಗಿದ್ದ. ಆದರೂ ಬಂದ ಕೆಲಸ ಮುಗಿಸಬೇಕಲ್ಲ. ಬೆರಳಚ್ಚನ್ನು ಹೊಸದಾಗಿ ನೋಂದಾಯಿಸಲು ಯಂತ್ರ ಬಿಚ್ಚಿದರು.

"ಬಲಗೈ ಕೊಡಲಾ ಸಾರ್?" ಎಂದ ಕೀಲಿಯಣ್ಣ.

"ನಿಯಮ ಇಲ್ಲ. ಬೆರಳಚ್ಚು ನವೀಕರಿಸಬಹುದು, ಬೆರಳು ಬದಲಾಯಿಸೋ ಹಾಗಿಲ್ಲ. ಹಾಗೆ ಬಿಟ್ರೆ ಇವತ್ತು ಬೆರಳು ಬದಲಾಯಿಸ್ತೀರಿ, ನಾಳೆ ಮನುಷ್ಯನನ್ನೇ ಬದಲಾಯಿಸ್ತೀರಿ. ಅದೇ ಬೆರಳು ಇಡು."

ಗಟ್ಟಿಯಾದ, ಗೆರೆ ಸವೆದ, ತಂತಿಯ ಗುರುತು ಅಡ್ಡಡ್ಡ ಬಿದ್ದ ಆ ಬೆರಳನ್ನು ಯಂತ್ರ ಎಷ್ಟೋ ಸಲ ಮೂಸಿ ನೋಡಿ ಕೊನೆಗೆ ಒಪ್ಪಿಕೊಂಡಿತು. ಹಸಿರು ದೀಪ ಹತ್ತಿತು. ಅಜ್ಜಿಗೆ ಸರ ಸಿಕ್ಕಿತು. ಅಲ್ಲೇ ಕೂತು ಒಂದೊಂದೇ ಮಣಿ ಮುಟ್ಟಿ ನೋಡಿಕೊಂಡಳು.

ಹೊರಡುವ ಮುಂಚೆ ಅಧಿಕಾರಿ ಬಾಗಿಲಲ್ಲಿ ನಿಂತು ಬೆರಳೆತ್ತಿದರು. "ಇನ್ನು ಮೇಲೆ ಈ ಗಟ್ಟಿತನ ಹೀಗೇ ಇರಬೇಕು, ತಿಳೀತಾ? ನುಡಿಸೋದು ನಿಲ್ಲಿಸಿದ್ರೆ ಚರ್ಮ ಮೆತ್ತಗಾಗುತ್ತೆ, ಹಳೇ ಗೆರೆ ಬರುತ್ತೆ, ದೀಪ ಕೆಂಪಾಗುತ್ತೆ. ಆಮೇಲೆ ನಾನು ಇನ್ನೊಂದು ಸಲ ಬರಬೇಕಾಗುತ್ತೆ. ನಿವೃತ್ತಿಯವರೆಗೂ ದಿನಾ ನುಡಿಸ್ತಾ ಇರು. ಇದು ಆದೇಶ."

ಹೀಗೆ ಕೀಲಿಯಣ್ಣನಿಗೆ ಜೀವಾವಧಿ ಬ್ಲೂಗ್ರಾಸ್ ಆಯಿತು.

ವಾರ್ಷಿಕೋತ್ಸವದಲ್ಲಿ ಅವರಿಬ್ಬರೂ ಆ ಒಂದೇ ಹಾಡನ್ನು ನುಡಿಸಿದರು. ಜನ 'ಇನ್ನೊಂದು' ಎಂದಾಗ ಅದನ್ನೇ ಮತ್ತೆ ನುಡಿಸಿದರು. ಮ್ಯಾನೇಜರರು ಅವನನ್ನು ಕ್ಷಮಿಸಿದರೋ ಇಲ್ಲವೋ ಹೇಳುವುದು ಕಷ್ಟ. ರಿದಂ ಇಲ್ಲದೆ ಅವರಿಗೆ ಆಗದು, ರಿದಂನವನನ್ನು ನಂಬಲೂ ಆಗದು. "ಟೀ ಬಿಸಿಯಾಗಿದೆ ಸಾರ್" ಎಂದು ಅವನು ಹೇಳಿದರೆ ಈಗಲೂ ಲೋಟಕ್ಕೆ ಕೈ ತಾಗಿಸಿ ನೋಡಿಯೇ ಕುಡಿಯುತ್ತಾರೆ.

ಮನೆಯಲ್ಲಿ ಕೀಲಿಯಣ್ಣ ಪಶ್ಚಾತ್ತಾಪವೆಂದು ಮೂರು ಹೊತ್ತೂ ಪಾತ್ರೆ ತೊಳೆಯತೊಡಗಿದ. ಹೆಂಡತಿ ಬೇಡವೆನ್ನಲಿಲ್ಲ. ಪ್ರತಿ ಬೆಳಿಗ್ಗೆ ಅವನ ತೋರುಬೆರಳನ್ನು ಹಿಡಿದು ಒತ್ತಿ ನೋಡಿ ಬ್ಯಾಂಕಿಗೆ ಕಳಿಸುವುದು ಅವಳ ಕೆಲಸವಾಯಿತು. ಒಂದು ಬೆಳಿಗ್ಗೆ ಒತ್ತಿದವಳು ಬಿಡಲಿಲ್ಲ. ಮತ್ತೊಮ್ಮೆ ಒತ್ತಿದಳು.

"ಮೆತ್ತಗಾಗಿದೆ," ಎಂದಳು. ದನಿ ತಗ್ಗಿತ್ತು. "ದಿನಾ ಗೋಡೌನಿಗೆ ಹೋಗ್ತೀರಿ. ಅಲ್ಲಿ ಗಿಟಾರ್ ಅಲ್ಲದೆ ಇನ್ನೇನು ಹಿಡ್ಕೊಂಡು ಕೂತಿರ್ತೀರಿ?"

"ಅಯ್ಯೋ, ನುಡಿಸ್ತಾನೇ ಇದ್ದೀನಿ ಕಣೇ! ಅಕ್ಕನನ್ನೂ ಕೇಳಿದೆ. ಗಿಟಾರ್ ನುಡಿಸೋ ಕೈ ನೀರಲ್ಲಿ ನೆನೀಬಾರದಂತೆ. ಪಾತ್ರೆ ತೊಳೆದೂ ತೊಳೆದೂ ಹೀಗಾಗಿದೆ. ಇನ್ನು ಮೇಲೆ ಸಿಂಕಿನ ಹತ್ತಿರ ಸುಳಿಯಬೇಡ, ಕೆಲಸ ಹೋಗುತ್ತೆ ಅಂದ್ರು ಅಕ್ಕ. ನಿಜವಾಗಲೂ ಅಂದ್ರು."

ಹೆಂಡತಿ ಬೆರಳು ಬಿಟ್ಟಳು. ಸಿಂಕಿನಲ್ಲಿ ರಾಶಿ ಬಿದ್ದ ಪಾತ್ರೆಗಳನ್ನು ನೋಡಿದಳು, ವಾರ್ಷಿಕೋತ್ಸವಕ್ಕೆಂದು ಅವನು ಕೊಂಡು ತಂದು ಗೋಡೆಗೆ ಒರಗಿಸಿದ್ದ ಗಿಟಾರನ್ನು ನೋಡಿದಳು, ಗಂಡನ ನಿರಪರಾಧಿ 
ಮುಖವನ್ನು ಬಹಳ ಹೊತ್ತು ನೋಡಿದಳು. ತಿಂಗಳುಗಟ್ಟಲೆ ಬಿಡಿಸಲಾಗದ ಗಂಟೊಂದು ತಾನಾಗಿ ಬಿಚ್ಚಿಕೊಂಡವರ ಶಾಂತಿ ಅವಳ ಮುಖದಲ್ಲಿ ಮೂಡಿತು. ಫೋನ್ ಎತ್ತಿಕೊಂಡಳು.

"ತಮ್ಮಾ, ಈಗ ಅರ್ಥ ಆಯ್ತು ಕಣೋ," ಎಂದಳು. "ಇಷ್ಟೆಲ್ಲ ಯಾತಕ್ಕೆ ಮಾಡಿದ್ದು ಅಂತ. ಪಾತ್ರೆ ತೊಳೆಯೋದು ತಪ್ಪಿಸ್ಕೊಳ್ಳೋಕೆ!"